ಹಗೇವಿನ ಮೇಲೆ ನಿಂತ ಕಾರು

ಶಿರಾ
೧೪-೩-೧೯೭೯

ಪ್ರೀತಿಯ ಯಜಮಾನರಿಗೆ, ನಿಮ್ಮ ದಾಕ್ಷಾಯಣಿಯ ನಮಸ್ಕಾರಗಳು.

ಹೊಸ ಕಾಲು ಹೇಗಿದೆ? ಕಟ್ಟಿದ ಜಾಗ ಉಜ್ಜುತ್ತದೆಯೇ? ನೋವಾದರೆ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಹಲ್ಲು ಕಚ್ಚಿಕೊಂಡು ಕೂರುವುದು ನಿಮ್ಮ ಹುಟ್ಟುಗುಣ, ಅದನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ತೋರಿಸಬೇಡಿ. ಅಲ್ಲಿ ಮುದ್ದೆ ಸಿಗುವುದಿಲ್ಲವೆಂದು ನಿಮ್ಮ ತಮ್ಮ ಕಾಡಸಿದ್ದಪ್ಪ ಬಂದು ಹೇಳಿದ. ಅನ್ನವನ್ನೇ ಎರಡು ತುತ್ತು ಹೆಚ್ಚು ತಿನ್ನಿ. ನಾವೆಲ್ಲ ಕ್ಷೇಮ.

ಹೊರಡುವ ದಿನ "ಆ ಕಾರನ್ನ ಗುಜರಿಗೆ ಹಾಕ್ಬುಡು, ನನ್ ಕಣ್ಣಿಗೆ ಬೀಳಬಾರ್ದು" ಎಂದು ಬಸ್ಸು ಹತ್ತಿದಿರಲ್ಲ, ನಾನು ಹಾಕಲಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ನೀವು ಹೋದ ಮೇಲೆ ಮೆಕ್ಯಾನಿಕ್ ಬುಡೇನ್ ಸಾಬರು ಬಂದು ಕೆಟ್ಟು ನಿಂತ ಕಾರನ್ನು ನೋಡಿದರು. ಇಂಜಿನ್ ಗುರ್ರೆನ್ನುತ್ತದೆ, ಚಕ್ರ ಕದಲುವುದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಖತಮ್ ಆಗಿದೆ, ಅದರ ಬದಲು ಜೀಪಿನದು ಕೂರಿಸಿಕೊಡುತ್ತೇನೆ ಎಂದರು. ಕಾಡಸಿದ್ದಪ್ಪನೂ ತಲೆಯಾಡಿಸಿದ. ಜೀಪಿನದೆಂದರೆ ಕ್ಲಚ್ಚು, ಕ್ಲಚ್ಚೆಂದರೆ ಎಡಗಾಲು. ಲಾರಿ ಗುದ್ದಿ ಆ ಕಾಲು ಹೋದ ಮೇಲೆ ನೀವು ಮತ್ತೆ ನಕ್ಕಿದ್ದೇ ಆ ಕಾರಿನಲ್ಲಿ ಕೂತು, ಒಂದೇ ಕಾಲಿನಲ್ಲಿ ಮಧುಗಿರಿಯ ಮದುವೆಗೆ ಬಾಡಿಗೆ ಹೊಡೆದು ಬಂದಾಗ. ಇವರಿಗೆ ಅಷ್ಟೂ ಗೊತ್ತಾಗಬೇಡವೇ? ನನಗೆ ಮೈಯೆಲ್ಲ ಉರಿದುಹೋಯಿತು. "ಎಡಗಾಲು ಕೇಳೋ ಗಾಡಿ ಈ ಮನೇಗೆ ಬ್ಯಾಡ" ಎಂದುಬಿಟ್ಟೆ.

ಪಾವಗಡದಲ್ಲಿ ಕಡಲೆಕಾಯಿ ಮಿಲ್ಲಿನ ಪೆದ್ದಣ್ಣನವರ ಹತ್ತಿರ ಇದೇ ಜಾತಿಯ ಕಾರಿದೆ ಎಂದು ನೀವೇ ಒಮ್ಮೆ ಹೇಳಿದ್ದಿರಿ. ಹೋಗಿ ನೋಡಿದರೆ ಶೆಡ್ಡಿನಲ್ಲಿ ಚಕ್ರವಿಲ್ಲದೆ ಕೂತಿದೆ, ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದೆ. ಅದರ ಗೇರ್‌ಬಾಕ್ಸು ಕೊಡಿ ಎಂದು ಕೇಳಿದೆ. ಅವರು, "ತಗೊಂಡ್ಹೋಗಮ್ಮ, ಪರವಾಲೇದು, ಪರವಾಗಿಲ್ಲ. ಕೋಳೀನ ಮಾತ್ರ ಎಬ್ಬಿಸ್ಬೇಡ" ಎಂದರು. ಗೇರ್‌ಬಾಕ್ಸು ಕಡಲೆಕಾಯಿ ಮೂಟೆಗಳ ಜೊತೆ ಲಾರಿಯಲ್ಲಿ ಬಂತು.

ಕೂರಿಸಬೇಕಾದರೆ ಕಾರಿನ ಕೆಳಗೆ ನಿಲ್ಲುವಷ್ಟು ಗುಂಡಿ ಬೇಕಂತೆ. ಅಂಗಳದಲ್ಲಿ ನೆಲದೊಳಗಿನ ರಾಗಿ ಹಗೇವು ಖಾಲಿ ಬಿದ್ದಿದೆಯಲ್ಲ, ಅದರ ಬಾಯಿ ಅಗಲ ಮಾಡಿ ಎಂದವರು ನಿಮ್ಮ ಅಪ್ಪ. ಹಾಗೇ ಮಾಡಿ, ಕಾರನ್ನು ಅದರ ಮೇಲೆ ತಳ್ಳಿ ನಿಲ್ಲಿಸಿದೆವು. ಸಾಬರು ಇಳಿಯಲು ಕಾಲು ಬಿಟ್ಟರು ನೋಡಿ, ಮಾವನವರು ಓಡಿಬಂದು ರಟ್ಟೆ ಹಿಡಿದರು. "ತಡಿಯೋ ಸಾಬಿ. ಮುಚ್ಚಿದ್ದ ಹಗೇವಿಗೆ ಮೊದ್ಲು ದೀಪ ಇಳೀಬೇಕು, ಆಮ್ಯಾಕೆ ಮನುಷ್ಯ." ಪೆಟ್ರೋಲ್ ಗಾಡಿಯ ಕೆಳಗೆ ದೀಪವೇ ಎಂದು ಸಾಬರು ಹೌಹಾರಿದರು. ಸರಿ, ಕಾರನ್ನು ಮತ್ತೆ ಬೀದಿಗೆ ತಳ್ಳಿ, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದೆವು. ಅರ್ಧಕ್ಕೇ ಆರಿಹೋಯಿತು, ಒಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ. ಸಾಬರು ಅಲ್ಲೇ ಕುಕ್ಕರಿಸಿ ಕೂತುಬಿಟ್ಟರು, ಅವರ ಮಕ್ಕಳ ಪುಣ್ಯ. ಹೊಂಗೆ ಸೊಪ್ಪಿನ ಕಟ್ಟನ್ನು ಇಳಿಸಿ ಏರಿಸಿ ಗಾಳಿಯಾಡಿಸಿದೆವು. ಮಾರನೆಯ ದಿನ ಇಳಿಸಿದ ದೀಪ ಉರಿಯುತ್ತಲೇ ಇತ್ತು. ಆಮೇಲೆ ಕಾರು ಮತ್ತೆ ಹಗೇವಿನ ಮೇಲೆ, ಜಾಕಿ, ಹಗ್ಗ, ಅಕ್ಕಪಕ್ಕದವರ ಹೆಗಲು, ಕೆಳಗಿನಿಂದ ಸಾಬರ "ಆಹಿಸ್ತಾ, ಆಹಿಸ್ತಾ, ನಿಧಾನ." ಕೊನೆಗೆ ಸಾಬರು ಗೇರು ಹಾಕಿ, ಕಾರು ತನ್ನಷ್ಟಕ್ಕೆ ತಾನೇ ಮುಂದೆ ಸರಿದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಎದೆಯ ಮೇಲಿನ ಕಲ್ಲು ಇಳಿಯಿತು. ಕ್ಲಚ್ಚಿಲ್ಲ, ಎಡಗಾಲಿನ ಹಂಗಿಲ್ಲ.

ಮಾವನವರು ಆಶೀರ್ವಾದ ತಿಳಿಸಿದ್ದಾರೆ. ಹಗೇವನ್ನು ಹಾಳು ಮಾಡಿದೆನೆಂದು ಈಗ ನನ್ನನ್ನೇ ಬೈಯುತ್ತಿದ್ದಾರೆ. ಮೈ ಜೋಪಾನ.

ನಿಮ್ಮ ದಾರಿ ನೋಡುತ್ತಿರುವ,
ದಾಕ್ಷಾಯಣಿ

ಮರೆತಿದ್ದೆ: ನಿಮಗೆ ಬೇಕಾದಂತೆ ಹಿಂದಕ್ಕೆ ಸರಿಸಿಕೊಂಡ ಸೀಟನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ನನ್ನ ಕಾಲು ಬ್ರೇಕಿಗೆ ಎಟುಕದು, ಅದಕ್ಕೇ ಬೆನ್ನಿಗೆ ದಿಂಬಿಟ್ಟುಕೊಂಡು ಕಲಿತೆ. ಕಳ್ಳಂಬೆಳ್ಳದ ಕೆರೆಯವರೆಗೆ ಹೋಗಿ ಬಂದಿದ್ದೇನೆ. ನಿಮ್ಮನ್ನು ಮನೆಗೆ ಕಳಿಸುವ ದಿನ ಸಾಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಬರುತ್ತೇನೆ. ಆಸ್ಪತ್ರೆಯ ಗೇಟಿನಲ್ಲಿ ದಿಂಬು ತೆಗೆದುಬಿಡುತ್ತೇನೆ. ಅಲ್ಲಿಂದ ಮನೆಗೆ ನೀವೇ ಓಡಿಸಬೇಕು.