ಗಂಡ ಹೊರಗೆ ನಿಂತಿರಲಿ

ವೈಟ್ ಓಕ್ ಫೋರ್ಕ್, ವರ್ಜೀನಿಯಾ
19 ಅಕ್ಟೋಬರ್ 1971, ಮಂಗಳವಾರ

ಪ್ರೀತಿಯ ಐಡೆಲ್,

ನಿನ್ನ ಮೊಣಕಾಲು ಹೇಗಿದೆ? ಲಿಂಚ್‌ಬರ್ಗ್‌ನಲ್ಲಿ ಆಗಲೇ ಇಬ್ಬನಿ ಹೆಪ್ಪುಗಟ್ಟುತ್ತಿದೆ ಎಂದು ರೇಡಿಯೋದವನು ಹೇಳಿದ. ನಿನ್ನ ಅಕ್ಕ ವರ್ನಾಳ ಮನೆಯ ಮೆಟ್ಟಿಲು ಏಣಿಗಿಂತ ಕಡಿದು, ಕಂಬಿ ಹಿಡಿದೇ ಇಳಿ. ನಿನ್ನ ಮುಲಾಮು ಇಲ್ಲೇ ಕಿಟಕಿಯ ಮೇಲೆ ಉಳಿದಿದೆ, ಕಳಿಸಲೇ? ನಾನು ಚೆನ್ನಾಗಿದ್ದೇನೆ, ಹನ್ನೆರಡು ದಿನದಿಂದ ಡಬ್ಬಿಯ ಹುರುಳಿಕಾಯಿ ತಿನ್ನುತ್ತಿರುವವನನ್ನು ಚೆನ್ನಾಗಿದ್ದಾನೆ ಎನ್ನಬಹುದಾದರೆ. ಮೊನ್ನೆ ಧೈರ್ಯ ಮಾಡಿ ಮೆಕ್ಕೆಜೋಳದ ರೊಟ್ಟಿ ಸುಟ್ಟೆ. ಮೋಸೆಸ್ ಅದನ್ನು ಮೂಸಿದ, ನನ್ನ ಮುಖ ನೋಡಿದ, ಎದ್ದು ಹೋದ. ನಾಯಿಗೂ ಒಂದು ಮರ್ಯಾದೆ ಇರುತ್ತದೆ. ಈಗ ಅವನು ನಿನ್ನ ಹಳೆಯ ಬೂಟಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ನಿನ್ನ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿವೆ. ಕೋಳಿಯ ಮಾತೆತ್ತುವ ಯೋಗ್ಯತೆ ನನಗಿಲ್ಲ ಎಂಬುದೂ ಗೊತ್ತು.

ಆ ದಿನವನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ರಿಚ್ಮಂಡ್‌ನ ಆ ಟೈ ಕಟ್ಟಿದ ಮನುಷ್ಯ ನಮ್ಮ ಜಗಲಿಯಲ್ಲಿ ಕೂತಿದ್ದ. ಇಳಿಜಾರಿನ ಮೇಲಿನ ನಮ್ಮ ನಲವತ್ತು ಎಕರೆ ಕೊಂಡು, ಅಲ್ಲಿನ ಒರತೆಯ ನೀರಿಗೆ ಒಡ್ಡು ಕಟ್ಟಿ ಕೆರೆ ಮಾಡಿ, ಸುತ್ತ ರಜೆಯ ಮನೆಗಳನ್ನು ಕಟ್ಟುವ ಆಸೆ ಅವನದು. ಪೇಟೆಯಲ್ಲಿ ಚರ್ಚಿನ ಪಕ್ಕ ಒಂದು ಇಟ್ಟಿಗೆ ಮನೆ, ನಲ್ಲಿ ತಿರುಗಿಸಿದರೆ ಬಿಸಿನೀರು, ಇದು ನನ್ನ ಆಸೆ. ನಾನು ನನ್ನ ಸಹಿ ಹಾಕಿದೆ. ಅವನು ಪೆನ್ನು ಹಿಡಿದುಕೊಂಡೇ, "ಯಜಮಾನ್ರೇ, ನಿಮ್ಮ ಮನೆಯವ್ರ ಸಹಿನೂ ಬೇಕು. ಒಂದ್ಮಾತು ಅವ್ರನ್ನೂ ಕೇಳ್ಬೋದಲ್ಲ?" ಎಂದ. ನಾನು ದೊಡ್ಡ ಮನುಷ್ಯನ ಹಾಗೆ ಕಾಲಮೇಲೆ ಕಾಲು ಹಾಕಿಕೊಂಡು, "ಅವಳನ್ನೇನ್ರೀ ಕೇಳೋದು, ಕೋಳೀನ ಕೇಳಿ ಮಸಾಲೆ ಅರೀತಾರಾ?" ಎಂದು ನಕ್ಕೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ನೀನು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಭಾನುವಾರದ ಟೋಪಿ ಹಾಕಿಕೊಂಡು ಹೊರಗೆ ಬಂದೆ. "ಕೋಳಿ ಹೊರಟಿತು. ಮಸಾಲೆ ನೀನೇ ಅರ್ಕೋ" ಎಂದೆ. ನಲವತ್ತಾರು ವರ್ಷದಲ್ಲಿ ನೀನು ಆಡಿದ ಅತಿ ಚಿಕ್ಕ ಮಾತು, ಇನ್ನೂ ನನಗೆ ಅರಗಿಲ್ಲ. ನಾನು ಸುಮ್ಮನಿರದೆ ಬಸ್ಸಿನ ತಿರುವಿನವರೆಗೂ ಕೇಳುವ ಹಾಗೆ, "ಹಜಿನ್ಸ್ ಮನೆತನದಲ್ಲಿ ಯಾವ ಹೆಂಗಸೂ ಜಮೀನಿಗೆ ಅಡ್ಡ ಬಂದಿಲ್ಲ ಕಣೇ!" ಎಂದು ಕೂಗಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು.

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು, ನಿನಗೆ ಗೊತ್ತಲ್ಲ. ಮಾರನೆಯ ದಿನವೇ ಕೋರ್ಟಿನ ದಾಖಲೆ ಕೋಣೆಗೆ ಹೋದೆ. ರಿಚ್ಮಂಡ್‌ನವನ ವಕೀಲನಿಗೆ ಆ ನಲವತ್ತು ಎಕರೆಯ ಬೇರು ಎಲ್ಲಿಂದ ಬಂತು ಎಂಬ ಕಾಗದ ಬೇಕಿತ್ತು. ನನಗೆ ಬೇಕಿದ್ದದ್ದು ಬೇರೆ. ನಾನು ಕೂಗಿದ ಮಾತಿಗೆ ಸಾಕ್ಷಿ ತಂದು ನಿನ್ನ ಮುಂದೆ ಹಿಡಿಯಬೇಕಿತ್ತು. ಆಂಬ್ರೋಸ್ ಹಜಿನ್ಸ್‌ನ ಕಥೆಯನ್ನು ನೀನು ಪ್ರತಿ ಮದುವೆಯಲ್ಲೂ ಪ್ರತಿ ಶವಸಂಸ್ಕಾರದಲ್ಲೂ ಕೇಳಿದ್ದೀಯೆ. ನನ್ನ ತಾತನ ತಾತನ ಅಪ್ಪ ಅವನು. ಇಂಗ್ಲೆಂಡಿನ ದೊರೆ ಇಲ್ಲಿ ಆಳುತ್ತಿದ್ದ ಕಾಲದಲ್ಲಿ ಒಬ್ಬ ಕರ್ನಲ್ ಬಂದು ಚೀಲ ತುಂಬ ಚಿನ್ನ ಸುರಿದರೂ ಒರತೆಯ ಜಮೀನು ಕೊಡದೆ ಚೀಲವನ್ನು ಒದ್ದವನು. ಆ ಕಾಲೇ ನನ್ನದೂ ಎಂದು ನಾನು ಬೂಟು ತೋರಿಸುತ್ತಿದ್ದುದು, ನೀನು ಮುಖ ತಿರುಗಿಸಿ ನಗುತ್ತಿದ್ದುದು, ಎಲ್ಲ ನೆನಪಿದೆ.

ಐಡೆಲ್, ಆ ಕೋಣೆಯಲ್ಲಿ ಒಂದು ಬಗೆಯ ಮಂಪರು ಇದೆ. ಎತ್ತರದ ಕಿಟಕಿ, ಧೂಳು ತೇಲುವ ಬಿಸಿಲು, ಚರ್ಮದ ರಟ್ಟಿನ ಭಾರದ ಪುಸ್ತಕಗಳು. ಕ್ರಯಪತ್ರಗಳ ಚೆಕ್ಕುಬಂದಿ ಓದುತ್ತ ಓದುತ್ತ ಅದು ಯಾರೋ ಹಾಡುತ್ತಿರುವಂತೆ ಕೇಳತೊಡಗುತ್ತದೆ. ಒರತೆಯ ಬಾಯಿಯ ಬಿಳಿ ಓಕ್ ಮರದಿಂದ ಹೊರಟು, ಉತ್ತರಕ್ಕೆ ಎಂಬತ್ತು ಕೋಲು ನಡೆದು ಹಿಕರಿ ಮರ, ಅಲ್ಲಿಂದ ಹಳ್ಳದ ತಿರುವು ಹಿಡಿದು ಎರಡು ಪೈನ್ ಮರ, ಅಲ್ಲಿಂದ ವಿಧವೆ ಪರ್ಡಿಯ ಬೇಲಿ, ಅಲ್ಲಿಂದ ಹೊರಟ ಜಾಗಕ್ಕೇ. ಯಾವ ಜಮೀನಾದರೂ ಕೊನೆಗೆ ಹೊರಟ ಜಾಗಕ್ಕೇ ಬರಬೇಕು, ಇಲ್ಲದಿದ್ದರೆ ಅಳತೆ ತಪ್ಪಿದೆ ಎಂದರ್ಥ. ಆ ಮರಗಳೆಲ್ಲ ಎಂದೋ ಸೌದೆಯಾದವು. ಪುಸ್ತಕದಲ್ಲಿ ಮಾತ್ರ ಇನ್ನೂ ಎಲೆ ಅಲುಗಿಸುತ್ತ ನಿಂತಿವೆ. ಸಂಜೆ ಮನೆಗೆ ಬರುವಾಗ ದಾರಿಯ ಪೆಟ್ರೋಲ್ ಬಂಕೇ ಸುಳ್ಳು, ಆ ಕಾಡೇ ನಿಜ ಅನ್ನಿಸುತ್ತಿತ್ತು.

ನಾಲ್ಕನೆಯ ದಿನ 1759ರ ಒಂದು ಕ್ರಯಪತ್ರದಲ್ಲಿ ಆಂಬ್ರೋಸನ ಹೆಂಡತಿ ಸಿಕ್ಕಳು. ಕೆಜಾಯ. ಓದುಬರಹ ಬಾರದವಳು, ಹೆಸರಿನ ಪಕ್ಕ ಒಂದು ಗುರುತು ಹಾಕಿದ್ದಾಳೆ. ಮಣ್ಣಿನಲ್ಲಿ ಕೋಳಿ ಕಾಲೂರಿ ಹೋದ ಹಾಗಿದೆ ಆ ಗುರುತು. ನಾನು ಅದನ್ನು ತುಂಬ ಹೊತ್ತು ನೋಡಿದೆ. ಮುಂದೆ 1763ರ ಪುಸ್ತಕ ತೆರೆದೆ. ಚಿನ್ನದ ಚೀಲ ಒದ್ದ ಮಹಾನುಭಾವ ಅದೇ ಒರತೆಯ ನಲವತ್ತು ಎಕರೆಯನ್ನು ಅದೇ ಕರ್ನಲ್‌ಗೆ ಮಾರಿ, ಅಂದವಾಗಿ ಸಹಿ ಹಾಕಿದ್ದಾನೆ! ಅದರಲ್ಲಿ ಕೆಜಾಯಳ ಕೋಳಿಹೆಜ್ಜೆ ಇಲ್ಲ. ನಮ್ಮಂಥ ದಾಖಲೆ ಹುಡುಕುವವರಿಗೆ ಒಂದು ಸೂತ್ರವಿದೆ. ಜಮೀನು ಮಾರುವ ಪತ್ರದಲ್ಲಿ ಹೆಂಡತಿಯ ಗುರುತು ಇಲ್ಲವೆಂದರೆ ಅಷ್ಟರಲ್ಲಿ ಆಕೆ ತೀರಿಕೊಂಡಿದ್ದಾಳೆ. ನಾನು ವಂಶವೃಕ್ಷದ ಹಾಳೆಯಲ್ಲಿ ಅವಳ ಹೆಸರಿನ ಪಕ್ಕ ಶಿಲುಬೆ ಹಾಕಿ, "1763ಕ್ಕೆ ಮುಂಚೆ ಮರಣ" ಎಂದು ಬರೆದೆ. ಟೋಪಿ ತೆಗೆದು ಒಂದು ನಿಮಿಷ ಸುಮ್ಮನೆ ಕೂತೂ ಆಯಿತು.

ದಾಖಲೆ ಕೋಣೆಯ ಮಿಸ್ ಯೂಲಾ ಪ್ರಾಥರ್ ನಿನ್ನ ಹೊಲಿಗೆ ಕೂಟದ ಗೆಳತಿಯಲ್ಲವೇ, ಊರಿನ ಸುದ್ದಿಯೆಲ್ಲ ಅವಳ ಹೊಲಿಗೆ ಚೀಲದಲ್ಲೇ ಇರುತ್ತದೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದವಳು ಕನ್ನಡಕ ಏರಿಸಿದಳು. "ಏನ್ ಎಲ್ಬರ್ಟ್, ಹೆಂಗಸು ಸಹಿ ಹಾಕ್ಲಿಲ್ಲ ಅಂದ್ರೆ ಸತ್ತೇ ಹೋಗಿರ್ಬೇಕಾ? ಹಂಗಾದ್ರೆ ನಿನ್ ಐಡೆಲ್‌ಗೂ ಒಂದು ಶಿಲುಬೆ ಹಾಕ್ಬಿಡು, ಅವಳೂ ಹಾಕಿಲ್ವಲ್ಲ" ಎಂದಳು. ಅವಳು ಒಳಗೆ ಹೋಗಿ, ಪುಸ್ತಕಕ್ಕೆ ಏರದ ಬಿಡಿ ಕಾಗದಗಳ ತಗಡಿನ ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಕುಕ್ಕಿದಳು. "ಹುಡುಕು. ಕೂಗೋಕಿಂತ ಅದು ಒಳ್ಳೇದು" ಎಂದಳು. ಬಸ್ಸಿನ ತಿರುವಿನ ಕೂಗು ಕೋರ್ಟಿನವರೆಗೂ ಹೋಗಿತ್ತೆಂದು ಆಗ ತಿಳಿಯಿತು.

ಆ ಪೆಟ್ಟಿಗೆಯಲ್ಲಿತ್ತು. ಅಂಗೈ ಅಗಲದ ಕಾಗದ, ಮಡಿಕೆಯಲ್ಲಿ ಹರಿದದ್ದು. ಆಗಿನ ಪದ್ಧತಿ ನಿನಗೆ ಹೇಳಬೇಕು. ಗಂಡ ಜಮೀನು ಮಾರಿದರೆ ಅದರಲ್ಲಿ ಹೆಂಡತಿಗಿರುವ ಹಕ್ಕು ತಾನಾಗಿ ಹೋಗುತ್ತಿರಲಿಲ್ಲ. ನ್ಯಾಯಾಧೀಶರು ಆಕೆಯನ್ನು ಗಂಡನಿಂದ ಬೇರೆಯಾಗಿ ಕೂರಿಸಿ ಕೇಳಬೇಕಿತ್ತು. ಕೋರ್ಟಿಗೆ ಬರಲಾಗದವಳಾದರೆ ಅವರಲ್ಲಿ ಇಬ್ಬರು ಅವಳ ಮನೆಗೇ ಹೋಗಬೇಕಿತ್ತು. ಅವರು ಕೇಳುವುದಿಷ್ಟು: ನೀನು ಇದಕ್ಕೆ ಇಷ್ಟಪಟ್ಟು ಒಪ್ಪುತ್ತೀಯಾ, ಗಂಡ ಬೆದರಿಸಿಲ್ಲವಷ್ಟೆ, ಪುಸಲಾಯಿಸಿಲ್ಲವಷ್ಟೆ? ಕೆಜಾಯ ಬಾಣಂತಿಯಾಗಿದ್ದಳು, ಇಬ್ಬರು ಕುದುರೆಯೇರಿ ಹೋದರು. ಅವರು ಬರೆದು ತಂದದ್ದು ಎರಡೇ ಸಾಲು. ಗಂಡನನ್ನು ಹೊರಗೆ ನಿಲ್ಲಿಸಿ ಕೇಳಿದೆವು. ಒಪ್ಪುವುದಿಲ್ಲ ಎಂದಳು, ಕಾರಣ ಹೇಳಲೊಲ್ಲೆ ಎಂದಳು.

ಅದನ್ನು ಹಿಡಿದುಕೊಂಡೇ ನಾನು ನಿದ್ದೆ ಹೋದೆ ಎಂದು ಕಾಣುತ್ತದೆ. ನಡು ಮಧ್ಯಾಹ್ನ, ಮೇಜಿನ ಮೇಲೆ ಬಿಸಿಲು ಬೆಚ್ಚಗಿತ್ತು. ಒರತೆಯ ಹತ್ತಿರ ಒಂದು ಮರದ ಮನೆ, ಬೇಲಿಗೆ ಕಟ್ಟಿದ ಎರಡು ಕುದುರೆ ಬಾಲ ಬೀಸುತ್ತಿವೆ. ಬಿಳಿ ಓಕ್ ಮರದ ಕೆಳಗೆ ಆಂಬ್ರೋಸ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಹತ್ತಿರ ಹೋಗಿ ನೋಡಿದರೆ ಅವನ ಕಾಲಲ್ಲಿ ನನ್ನ ಬೂಟು. ನಿಂತಿರುವವನು ನಾನೇ. ಒಳಗೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದಾರೆ, ಏನೆಂದು ಕೇಳಿಸುತ್ತಿಲ್ಲ. ಬೆಣ್ಣೆ ಕಡೆಯುವ ಸದ್ದು ಮಾತ್ರ ನಿಂತು, ಮತ್ತೆ ಶುರುವಾಗುತ್ತದೆ. ಎಲೆ ಒಂದೊಂದೇ ಉದುರುತ್ತಿದೆ, ನಾನು ಎಣಿಸುತ್ತಿದ್ದೇನೆ. ಕಿಟಕಿಯಲ್ಲಿ ಒಂದು ಕೈ ಕಂಡಿತು. ಅದು ಹಿಟ್ಟು ಮೆತ್ತಿದ ನಿನ್ನ ಕೈ, ಐಡೆಲ್. ಅಷ್ಟರಲ್ಲಿ ಮಿಸ್ ಯೂಲಾ ಬೀಗದ ಕೈ ಗೊಂಚಲನ್ನು ಕುಲುಕಿ, "ಮನೆಗೋಗಿ ಮಲ್ಕೋ ಮಾರಾಯ" ಎಂದಳು. ಟ್ರಕ್ಕಿನಲ್ಲಿ ಕೂತು ನಾನು ಅತ್ತೆ. ಯಾರೂ ನೋಡಲಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ.

ಮಿಕ್ಕದ್ದನ್ನು ಬೇಗ ಹೇಳಿಬಿಡುತ್ತೇನೆ. ಆಕೆಯ ಒಪ್ಪಿಗೆ ಇಲ್ಲದ ಜಮೀನು ಬೇಡವೆಂದು ಕರ್ನಲ್ ಪತ್ರ ಹಿಂದಿರುಗಿಸಿದ. 1774ರಲ್ಲಿ ಆಂಬ್ರೋಸ್ ಸಾಯುವಾಗ ಬರೆಸಿದ ಉಯಿಲಿನಲ್ಲಿ, "ಒರತೆಯ ಸುತ್ತಲಿನ ನಲವತ್ತು ಎಕರೆ, ನನ್ನ ಕೆಜಾಯ ಬಿಡಲೊಲ್ಲದ ಆ ನೆಲ, ಅವಳಿಗೆ, ಅವಳ ನಂತರ ಅವಳು ಹೇಳಿದ ಮಗುವಿಗೆ" ಎಂದಿದೆ. ಆಕೆ ಕಿರಿಮಗ ಜೋಯಲ್‌ಗೆ ಎಂದಳು, ಅವನಿಂದಲೇ ಅದು ಇಳಿದಿಳಿದು ನನ್ನ ಕೈಗೆ ಬಂತು. ಒದ್ದ ಕಾಲು ಯಾವುದೂ ಇರಲಿಲ್ಲ. ಒಬ್ಬ ಬಾಣಂತಿ "ಇಲ್ಲ" ಎಂದದ್ದನ್ನು ನಾವು ಗಂಡಸರು ಇನ್ನೂರು ವರ್ಷ ನಮ್ಮ ಪೌರುಷ ಎಂದು ಹೇಳಿಕೊಂಡು ತಿರುಗಿದ್ದೇವೆ. ಅದೇ ಉಯಿಲಿನ ಕೆಳಗಿನ ಸಾಲಿನಲ್ಲಿ, ಹಾಸಿಗೆ ಮತ್ತು ಹಸುವಿನ ನಡುವೆ, "ಫಿಲಿಸ್ ಎಂಬ ಕಪ್ಪು ಹೆಂಗಸು, ಹಿರಿಮಗನಿಗೆ" ಎಂದು ಬರೆದಿದೆ. ಗುಲಾಮಳಾಗಿದ್ದ ಅವಳಿಗೆ ಇಷ್ಟವಿದೆಯೇ ಎಂದು ಕೇಳಲು ಯಾರೂ ಕುದುರೆಯೇರಿ ಹೋಗಲಿಲ್ಲ. ಆ ಸಾಲು ಓದಿ ನಾಚಿಕೆಯಾಯಿತು. ವಂಶವೃಕ್ಷದ ಹಾಳೆಯಲ್ಲಿ ಅವಳ ಹೆಸರನ್ನೂ ಬರೆದಿದ್ದೇನೆ. ಅದರಿಂದ ಅವಳಿಗೇನೂ ಆಗದು, ಆದರೂ ಬಿಡಲು ಮನಸ್ಸು ಬರಲಿಲ್ಲ.

ನಿನ್ನೆ ಬೆಳಗ್ಗೆ ಮಂಜಿನಲ್ಲಿ ಆ ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಮೇಲಿನ ಜಮೀನಿನ ಸುತ್ತ ನಡೆದೆ. ಹಿಕರಿ ಇಲ್ಲ, ಪೈನ್ ಇಲ್ಲ, ಹಳ್ಳದ ತಿರುವು ಮಾತ್ರ ಪುಸ್ತಕದಲ್ಲಿದ್ದಂತೆಯೇ ಇದೆ. ಮೋಸೆಸ್ ಮುಂದೆ ಓಡಿ ಒರತೆಯ ಹತ್ತಿರ ಗೊತ್ತಿದ್ದವನ ಹಾಗೆ ಕೂತ. ಅಲ್ಲೊಂದು ಚಪ್ಪಟೆ ಕಲ್ಲು, ಪಾಚಿಯಿಲ್ಲದೆ ನುಣ್ಣಗಿದೆ. ಮೇಲಿನ ಕೊಂಬೆಗೆ ಸಿಕ್ಕಿಸಿದ್ದು, ನಮ್ಮ ಮನೆಯಿಂದ ಎಂದೋ ಕಾಣೆಯಾದ ನೀಲಿ ಲೋಟ. ಬೇರಿನ ಸಂದಿಯಲ್ಲಿ ಪುದೀನ ಮಿಠಾಯಿಯ ಡಬ್ಬಿ, ಅದರೊಳಗೆ ನಿನ್ನ ಮೂರು ಹೇರ್‌ಪಿನ್, ಒಂದು ಪೆನ್ಸಿಲ್ ತುಂಡು. ಡಬ್ಬಿಯ ತಳದಲ್ಲಿ ಮಡಿಸಿಟ್ಟ ಕಾಗದವೂ ಇತ್ತು. ನಾನು ಬಿಚ್ಚಲಿಲ್ಲ. ಆಣೆಯಿಟ್ಟು ಹೇಳುತ್ತೇನೆ, ಬಿಚ್ಚಲಿಲ್ಲ. ಎಷ್ಟು ವರ್ಷದಿಂದ ಇಲ್ಲಿ ಬಂದು ಕೂರುತ್ತಿದ್ದೆ ನೀನು? ತಂಬಾಕಿನ ಎಲೆ ಕಟ್ಟಿ ಮುಗಿಸಿದ ಮೇಲೋ, ಮಕ್ಕಳು ಮಲಗಿದ ಮೇಲೋ? ನಾನು ಇಳಿಜಾರಿನ ಕೆಳಗೇ ಇದ್ದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ. ನಲವತ್ತಾರು ವರ್ಷ ಒಂದೇ ಮೇಜಿನಲ್ಲಿ ಉಂಡೆವು, ನಿನಗೆ ಏನು ಬೇಕು ಎಂದು ಒಂದು ಸಲವೂ ಕೇಳದೆ ಇಟ್ಟಿಗೆ ಮನೆಯ ಲೆಕ್ಕ ಹಾಕಿದೆನಲ್ಲ. ತಪ್ಪಾಯಿತು, ಐಡೆಲ್. ಈ ಮಾತನ್ನು ಎದುರಿಗೆ ನಿಂತು ಹೇಳುವ ಬಾಯಿ ನನಗೆ ದೇವರು ಕೊಡಲಿಲ್ಲ.

ವರ್ನಾಳಿಗೆ ನನ್ನ ನಮಸ್ಕಾರ ಹೇಳು, ಅವಳು ನನ್ನ ಬಗ್ಗೆ ಹೇಳುತ್ತಿರುವುದರಲ್ಲಿ ಅರ್ಧ ನಿಜವೆಂದೂ ಹೇಳು. ಪರ್ಸಿಮನ್ ಹಣ್ಣು ಉದುರುತ್ತಿವೆ, ನಿನ್ನ ಪಾಲಿನದನ್ನು ಅಳಿಲುಗಳಿಂದ ಕಾಯುತ್ತಿದ್ದೇನೆ. ದೇವರು ನಿನ್ನ ಮೊಣಕಾಲನ್ನೂ ನಿನ್ನನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಹಟಮಾರಿ,
ಎಲ್ಬರ್ಟ್

ತಾ.ಕ.: ಅಂಚೆ ಗಾಡಿ ತಿರುವಿಗೆ ಬಂತು, ಅದಕ್ಕೇ ಈ ಅವಸರದ ಅಕ್ಷರ. ಜೊತೆಗಿರುವುದು ಅದೇ ಕ್ರಯಪತ್ರ. ನನ್ನ ಸಹಿ ಇದೆ, ನಿನ್ನ ಜಾಗ ಖಾಲಿ ಇದೆ, ನಿನ್ನದಿಲ್ಲದೆ ಅದು ಬರೀ ಕಾಗದ. ನನ್ನ ಹೆಂಡತಿ ಹೇಳಿದ ಹಾಗೆ ಎಂದು ರಿಚ್ಮಂಡ್‌ನವನಿಗೆ ಬರೆದು ಹಾಕಿದ್ದೇನೆ. ವರ್ನಾಳನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೋ. ಇಷ್ಟವಿದ್ದರೆ ಸಹಿ ಹಾಕು, ಇಲ್ಲದಿದ್ದರೆ ಒಲೆಗೆ ಹಾಕು. ಕಾರಣ ಹೇಳಬೇಕಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಶನಿವಾರ ನಾಲ್ಕರ ಬಸ್ಸಿಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತೇನೆ. ಈಗ ಕೆಜಾಯಳನ್ನು ಅವರಿಬ್ಬರು ಕೇಳಿದ್ದನ್ನೇ ಕೇಳುತ್ತಿದ್ದೇನೆ: ಐಡೆಲ್, ನಿನಗೆ ಇಷ್ಟವಿದೆಯೇ? ಹೆದರದೆ ಹೇಳು. ಗಂಡ ಹೊರಗೆ ನಿಂತಿದ್ದಾನೆ.