ಫೈಲಿನ ತಲೆಮೇಲೆ ನನ್ನ ಹೆಸರು

ಕೃಷ್ಣಮೂರ್ತಿಪುರಂ, ಮೈಸೂರು, 2007

ಪ್ರಸಾದ್ ಅವರಿಗೆ ನಮಸ್ಕಾರ.

ಬರೆಯೋಕೆ ಕೂತ್ರೆ ಬೈಗುಳವೇ ಬರುತ್ತೆ, ಅದಕ್ಕೇ ಟೇಪಲ್ಲಿ ಮಾತಾಡಿ ಕಳಿಸ್ತಿದೀನಿ. ವೆಬ್‌ಸೈಟ್ ಕೋಡನ್ನ ತಾನೇ ಬರೆಯೋ ಜನರೇಟರ್ ಪ್ರೋಗ್ರಾಮನ್ನ, ನಿಮ್ಮ ಕಂಪನೀಲಿ ನಾನು ಕೈಯಾರೆ ಬರೆದಿದ್ದ ಹಳೇ ಫೈಲ್ ನೋಡ್ಕೊಂಡೇ ಮಾಡಿದ್ರಿ. ಟೆಸ್ಟ್ ಮಾಡೋಕೂ ನನ್ನನ್ನೇ ಕೂರಿಸಿದ್ರಿ. ಅದು ಬರೆದದ್ದನ್ನ ನನ್ನ ಫೈಲಿನ ಜೊತೆ ಸಾಲುಸಾಲಾಗಿ ಹೋಲಿಸೋ ಟೆಸ್ಟ್ ಮಾಡ್ಕೊಟ್ಟೆ. ಒಂದಕ್ಷರ ತಪ್ಪದೆ ಪಾಸಾಯ್ತು. ಆಮೇಲೆ, 'ನೀವಿನ್ನು ಮನೇಲಿ ಆರಾಮಾಗಿರಿ ಸಾರ್' ಅಂದ್ಬುಟ್ರಿ.

ಇರ್ಲಿ. ನನ್ನ ಫೈಲಿನ ತಲೆಮೇಲೆ ನನ್ನ ಹೆಸರು, ಮನೆ ಫೋನ್ ನಂಬರ್ ಇತ್ತಲ್ಲ, ಮಿಷಿನ್ನು ಬರೆಯೋ ಪ್ರತಿ ಫೈಲಲ್ಲೂ ಅದೇ ಬರ್ತಿದೆ. ಸೈಟ್ ಕೆಟ್ರೆ ನಿಮ್ಮ ಗಿರಾಕಿಗಳು ಆ ನಂಬರ್ ನೋಡಿ ನಮ್ಮನೆಗೆ ಫೋನ್ ಮಾಡಿ ಬೈತಾರೆ. ನಿನ್ನೆ ನನ್ನ ಹೆಂಡ್ತಿ ಬೈಸ್ಕೊಂಡ್ಳು.

ಆ ಸಾಲು ತೆಗೆಸಿ. ತೆಗೆದ್ರೆ ನನ್ನ ಫೈಲಿಗೆ ತಾಳೆಯಾಗದೆ ಟೆಸ್ಟ್ ಫೇಲಾಗುತ್ತೆ. ಆಗ, 'ಸಾರ್, ಒಂಚೂರು ಬಂದೋಗಿ' ಅಂತ ಮಾತ್ರ ಕರೀಬೇಡಿ.

ಇಂತಿ, ಮನೇಲಿ ಆರಾಮಾಗಿರೋ
ಮೃತ್ಯುಂಜಯ