ಬಲಗೆನ್ನೆಗೆ ಹೋದ ಮಚ್ಚೆ

ಯೋರಿಸ್,

ನಿನ್ನ ಹಡಗು ನಿನ್ನನ್ನೂ ಹೊತ್ತು ಮುಳುಗಿದರೂ ನಮ್ಮೂರು ಹಾರ್ಲೆಮ್ಮಿನಲ್ಲಿ ಪ್ರಣಯದ ಗಾದೆಗಳ ಪುಸ್ತಕಗಳು ತೇಲುತ್ತಲೇ ಇವೆ; ಅವಕ್ಕೆ ಚಿತ್ರ ಕೊರೆಯುವುದೇ ನನ್ನ ಹೊಟ್ಟೆಪಾಡು. ಈ ಸಲ ಕಿಟಕಿಯ ಕೆಳಗೆ ಕಾಯುವ ಪ್ರೇಮಿಗೆ ನಿನ್ನ ಮುಖ ಕೊಟ್ಟೆ. ತಾಮ್ರದ ತಗಡಿನಲ್ಲಿ ಕೊರೆದದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗುತ್ತದೆಂಬುದನ್ನೇ ಮರೆತೆ; ನಿನ್ನ ಎಡಗೆನ್ನೆಯ ಮಚ್ಚೆ ಬಲಕ್ಕೆ ಹೋಯಿತು.

ಇವತ್ತು ನಿನ್ನ ಹೆಂಡತಿ ನೇಲ್ಚೆ ಅಂಗಡಿಗೆ ಬಂದು ಆ ಚಿತ್ರವನ್ನೇ ಎತ್ತಿಕೊಂಡಳು.

"ಅಯ್ಯೋ, ಥೇಟ್ ನಮ್ಮೋರೇ ಕಣೇ! ಇವರು ಯಾವಳ ಕಿಟಕಿ ಕೆಳಗೆ ನಿಂತಿದ್ರೋ?"

"ಯಾರೋ ಬೇರೆ ಗಂಡಸು ಬಿಡಮ್ಮ," ಎಂದೆ.

"ಯಾರಾದ್ರೇನು, ನಂಗೆ ಅವರ ಮುಖಾನೇ ಮಸುಕಾಗ್ತಿದೆ. ಗೋಡೆಗೆ ಹಾಕ್ಕೋತೀನಿ. ಈ ಮಚ್ಚೆ ಕೆರೆದು ಎಡಗಡೆ ಇಟ್ಕೊಡೇ."

"ಎಡಗಡೆ ಎಲ್ಲಿ?" ಎಂದು ಗೊತ್ತಿಲ್ಲದವಳಂತೆ ಕೇಳಿದೆ.

ಅವಳು ಬೆರಳಿಟ್ಟು ತೋರಿಸಿದಲ್ಲೇ ಮಸಿಯ ಚುಕ್ಕೆ ಇಟ್ಟೆ. ನಿನ್ನ ಮಚ್ಚೆ ಇದ್ದದ್ದು ಇನ್ನೂ ಸ್ವಲ್ಪ ಕೆಳಗೆ, ತುಟಿಯ ಹತ್ತಿರ.